ಮೀರಾಬಿಯ ಎಮ್ಮೆ, ಕಾಸಿಮಸಾಬನ ಎಂಜಿನ್ನು

ಯಂತ್ರ ಕೆಟ್ಟು ನಿಂತರೆ ನಮ್ಮ ಕಡೆ ಮೊದಲು ಹೊರಬೀಳುವುದು ಬೈಗುಳ. ಯಂತ್ರಕ್ಕೆ ಒಂದಿಷ್ಟು, ಅದನ್ನು ಮಾರಿದವನಿಗೆ ಒಂದಿಷ್ಟು, ಉಳಿದದ್ದು ಮನೆಯ ಹೆಂಗಸಿಗೆ. ಅದಾದ ಮೇಲೆ ಹಗ್ಗ ಬರುತ್ತದೆ, ಹಾರೆ ಬರುತ್ತದೆ, ಸುತ್ತಿಗೆ ಬರುತ್ತದೆ. ಬುದ್ಧಿ ಬರುವುದು ಎಲ್ಲಕ್ಕಿಂತ ಕೊನೆಗೆ. ಹೆಬ್ಬಳ್ಳಿಯ ಕಾಸಿಮಸಾಬನ ಮನೆಯಲ್ಲಿಯೂ ಸರಿಯಾಗಿ ಹೀಗೇ ಆಯಿತು.

ಕಾಸಿಮಸಾಬನದು ಖಾರದ ಗಿರಣಿ. ಗಿರಣಿ ಎಂದೊಡನೆ ದೊಡ್ಡ ಕಟ್ಟಡ ನೆನೆಸಿಕೊಳ್ಳಬೇಡಿ. ಮನೆಯ ಮಗ್ಗುಲಿಗೆ ಒಂದು ತಗಡಿನ ಚಪ್ಪರ, ಅದರಲ್ಲಿ ಮೆಣಸಿನಕಾಯಿ ಬೀಸುವ ಯಂತ್ರ, ಅದನ್ನು ಪಟ್ಟಾ ಹಾಕಿ ತಿರುಗಿಸಲು ಒಂದು ಪುಟ್ಟ ಎಂಜಿನ್ನು, ಅಷ್ಟೇ. ಎಂಜಿನ್ನು ಬರುವುದಕ್ಕೆ ಮೊದಲು ಹದಿನೆಂಟು ವರ್ಷ ಊರ ಮೆಣಸಿನಕಾಯಿ ಕುಟ್ಟಿದ್ದು ಅವನ ಹೆಂಡತಿ ಮೀರಾಬಿಯ ಒನಕೆ. ಬ್ಯಾಡಗಿ ಮೆಣಸಿನಕಾಯಿಯ ಬಣ್ಣವನ್ನು ಎಲ್ಲರೂ ಹೊಗಳುತ್ತಾರೆ. ಅದನ್ನು ಕುಟ್ಟಿದವಳ ಅಂಗೈ ಉರಿಯನ್ನಾಗಲಿ, ಎದೆ ಹಿಂಡುವ ಕೆಮ್ಮನ್ನಾಗಲಿ ಯಾರೂ ಕೇಳುವುದಿಲ್ಲ.

ದೊಡ್ಡ ಯುದ್ಧ ಮುಗಿದ ಮರುವರ್ಷ ಬೆಳಗಾವಿಯಲ್ಲಿ ದಂಡಿನವರು ತಮಗೆ ಬೇಡವಾದ ಸಾಮಾನುಗಳನ್ನು ಹರಾಜು ಹಾಕಿದರು. ಕಾಸಿಮಸಾಬ ಅಲ್ಲಿಂದ ಈ ಎಂಜಿನ್ನು ತಂದ. ನೀರಿನ ಕೊಡಕ್ಕಿಂತ ಸ್ವಲ್ಪ ದೊಡ್ಡದು, ಟೂ-ಸ್ಟ್ರೋಕ್ ಎನ್ನುವ ಜಾತಿಯದು. ಈ ಜಾತಿಯ ಎಂಜಿನ್ನಿಗೆ ಎಣ್ಣೆ ಹೊಯ್ಯಲು ಬೇರೆ ಬಾಯಿ ಇರುವುದಿಲ್ಲ. ಪೆಟ್ರೋಲಿನಲ್ಲಿಯೇ ಅಳತೆಯಷ್ಟು ಎಂಜಿನ್ ಎಣ್ಣೆ ಕಲಸಿ ಹಾಕಬೇಕು. ಒಳಗಿನ ಲೋಹ ಲೋಹಕ್ಕೆ ಉಜ್ಜದಂತೆ ಕಾಯುವುದು ಆ ಎಣ್ಣೆಯೇ. ಕಲಸುವ ಕೆಲಸ ಮೀರಾಬಿಯದು. ಅವಳ ಕೈಯ ಅಳತೆ ಎಂದೂ ತಪ್ಪಿದ್ದಿಲ್ಲ.

ಎಂಜಿನ್ನು ಬಂದ ದಿನದಿಂದ ಅದರ ಒಳಗೆ ಏನಿದೆ ಎಂದು ತಿಳಿಯುವ ಆಸೆ ಮೀರಾಬಿಗೆ. ಹಗ್ಗ ಎಳೆದರೆ ತಿರುಗುತ್ತದೆ, ಬಿಸಿಯಾಗುತ್ತದೆ, ಹೊಗೆ ಬಿಡುತ್ತದೆ, ಸರಿ. ಆದರೆ ಒಂದು ಚಮಚ ಪೆಟ್ರೋಲು ಇಷ್ಟು ದೊಡ್ಡ ಚಕ್ರವನ್ನು ತಿರುಗಿಸುವುದಾದರೂ ಹೇಗೆ? ಗಂಡನನ್ನು ಕೇಳಿದರೆ, ಅದೆಲ್ಲ ಹೆಂಗಸರಿಗೆ ತಿಳಿಯುವ ಮಾತಲ್ಲ ಎಂದುಬಿಡುತ್ತಿದ್ದ. ಖರೇ ಹೇಳಬೇಕೆಂದರೆ ಅವನಿಗೂ ತಿಳಿದಿರಲಿಲ್ಲ.

ಎಲ್ಲ ಸುಸೂತ್ರ ನಡೆದಿದ್ದಾಗ ನೆರೆಮನೆಯ ಚನ್ನಬಸವ್ವ ಒಂದು ತಕರಾರು ತಂದಳು. ಗಿರಣಿಯ ಖಾರದಲ್ಲಿ ಎಂಜಿನ್ನಿನ ವಾಸನೆ ಬರುತ್ತದಂತೆ. ಬದನೆಕಾಯಿ ಪಲ್ಯ ತಿಂದರೆ ಮೋಟಾರಿನ ಹಿಂದೆ ಓಡಿದ ಹಾಗೆ ಆಗುತ್ತದೆ ಎಂದು ಅವಳ ಗಂಡ ಗಂಗಾಳ ಸರಿಸಿ ಎದ್ದನಂತೆ. ಕಾಸಿಮಸಾಬನಿಗೆ ಇದು ಚುಚ್ಚಿತು. ತನ್ನ ಖಾರಕ್ಕೆ ಒಬ್ಬರೂ ಹೆಸರಿಡಬಾರದು ಎನ್ನುವ ಮನುಷ್ಯ ಅವನು. ಎರಡು ದಿನ ಯೋಚಿಸಿ, ಆ ಕರಿ ಎಣ್ಣೆಯೇ ಬೇಡ, ಗಾಣದ ಕುಸುಬಿ ಎಣ್ಣೆ ಕಲಸು ಎಂದು ಹೆಂಡತಿಗೆ ಅಪ್ಪಣೆ ಮಾಡಿದ. ಮನುಷ್ಯರೇ ತಿನ್ನುವ ಶುದ್ಧ ಎಣ್ಣೆಯನ್ನು ಯಂತ್ರ ಬೇಡ ಎನ್ನುತ್ತದೆಯೇ ಎಂಬುದು ಅವನ ವಾದ. ಮೀರಾಬಿ ಕಲಸಿದಳು. ಎಂಜಿನ್ನು ಓಡಿತು. ಓಡಿದ್ದಷ್ಟೇ ಅಲ್ಲ, ಓಣಿಯ ತುಂಬ ಮೆಣಸಿನಕಾಯಿ ಭಜಿ ಕರಿದ ಘಮ ಹಬ್ಬಿತು. ಚನ್ನಬಸವ್ವನಿಗೂ ಖುಷಿ, ಕಾಸಿಮಸಾಬನಿಗೂ ಖುಷಿ. ದಂಡಿನವರಿಗೂ ಹೊಳೆಯದ ಯುಕ್ತಿ ತನಗೆ ಹೊಳೆಯಿತೆಂದು ಅವನು ಕಟ್ಟೆಯ ಮೇಲೆ ಕುಳಿತು ಹೇಳಿಕೊಂಡ.

ಒಂದು ತಿಂಗಳು ಹೀಗೇ ನಡೆಯಿತು. ಆಮೇಲೆ ನವಲಗುಂದದಲ್ಲಿ ಮೀರಾಬಿಯ ಅಕ್ಕನ ಮಗಳ ಮದುವೆ ಬಂತು. ಹೊರಡುವ ಹಿಂದಿನ ದಿನ ಅವಳು ಬಾಕಿ ಇದ್ದ ಮೆಣಸಿನಕಾಯಿಯನ್ನೆಲ್ಲ ಸಂಜೆಯವರೆಗೂ ಬೀಸಿ ಮುಗಿಸಿದಳು. ಎಂಟು ದಿನ ಬಿಟ್ಟು ಬಂದು ಹಗ್ಗ ಎಳೆದರೆ ಎಂಜಿನ್ನು ಅಲುಗಲಿಲ್ಲ. ಕಲ್ಲಿಗೆ ಹಗ್ಗ ಕಟ್ಟಿ ಎಳೆದಂತಾಯಿತು. ಕಾಸಿಮಸಾಬ ಇಬ್ಬರು ಗಟ್ಟಿ ಆಳುಗಳನ್ನು ಕರೆತಂದು ಎಳೆಸಿದ. ಹಗ್ಗ ಹರಿಯಿತು. ಸುತ್ತಿಗೆ ತಂದು ಚಕ್ರಕ್ಕೆ ಬಡಿದ. ಒಂದು ಏಟು ತಪ್ಪಿ ಎಂಜಿನ್ನಿನ ಮೈಯನ್ನು ತಂಪಾಗಿಡುವ ತೆಳ್ಳನೆಯ ಲೋಹದ ಪಕಳೆಯೊಂದು ಮುರಿದು ಬಿತ್ತು. ಆಗ ಸುತ್ತಿಗೆ ಒಗೆದು ಹೆಂಡತಿಯ ಕಡೆ ತಿರುಗಿದ. ದಿನವಿಡೀ ಓಡಿಸಿ ಎಂಜಿನ್ನು ಸುಟ್ಟವಳು ನೀನೇ ಎಂದ. ಆ ಮಾತು ಅವಳಿಗೆ ಮೆಣಸಿನಕಾಯಿಗಿಂತ ಹೆಚ್ಚು ಉರಿಯಿತು.

ಮರುದಿನ ಅವನು ಹುಬ್ಬಳ್ಳಿಗೆ ಹೋಗಿ ಯಂತ್ರ ಮಾರುವ ಅಂಗಡಿಯೊಂದರಲ್ಲಿ ವಿಚಾರಿಸಿದ. ಅಲ್ಲಿಯವನು ಎಂಜಿನ್ನನ್ನು ಕಣ್ಣಿಂದ ನೋಡದೆಯೇ, ಹಿಡಿದುಕೊಂಡ ಎಂಜಿನ್ನು ಹಳೆ ಕಬ್ಬಿಣ ಕೊಳ್ಳುವ ಮೋಡಕಾದವನಿಗೇ ಸರಿ, ಹೊಸದನ್ನು ಮುಂಬೈಯಿಂದ ತರಿಸಿಕೊಡುತ್ತೇನೆ ಎಂದ. ಕಾಸಿಮಸಾಬ ಊರಿಗೆ ಬರುವಷ್ಟರಲ್ಲಿ ಎಲ್ಲ ನಿಶ್ಚಯ ಮಾಡಿಬಿಟ್ಟಿದ್ದ. ಹೊಸ ಎಂಜಿನ್ನಿಗಾಗಿ ಎಮ್ಮೆಯನ್ನು ಮಾರುವುದು. ಅಮ್ಮಿನಬಾವಿಯವನೊಬ್ಬ ಮಂಗಳವಾರ ಬೆಳಿಗ್ಗೆ ಬಂದು ಹೊಡೆದುಕೊಂಡು ಹೋಗುವುದೆಂದೂ ಮಾತಾಯಿತು.

ಆ ಎಮ್ಮೆ ಮೀರಾಬಿಯದು. ತವರಿನವರು ಕರುವಾಗಿದ್ದಾಗ ಕೊಟ್ಟದ್ದು, ಅವಳೇ ಹುಲ್ಲು ಹಾಕಿ ಬೆಳೆಸಿದ್ದು, ಈಗ ಎರಡನೆಯ ಗಬ್ಬ. ಮನೆಯಲ್ಲಿ ಅವಳದೇ ಎನ್ನುವಂಥದ್ದು ಬೇರೆ ಏನೂ ಇರಲಿಲ್ಲ. ಎಮ್ಮೆ ಹೋದರೆ ದುಃಖ, ಎಂಜಿನ್ನು ಬರದಿದ್ದರೆ ಮತ್ತೆ ಒನಕೆ.  ಗೋಣಿಚೀಲ ಹೊದಿಸಿ ಮೂಲೆಗೆ ತಳ್ಳಿದ್ದ ಎಂಜಿನ್ನಿನ ಮುಂದೆ ಕುಳಿತು ಬಹಳ ಹೊತ್ತು ಯೋಚಿಸಿದಳು. ಸುಟ್ಟಿದ್ದರೆ ಆ ಸಂಜೆ ಅದು ತಾನಾಗಿ ನಿಲ್ಲಬೇಕಿತ್ತಲ್ಲ? ನಿಲ್ಲಿಸಿದ್ದು ತಾನು. ನಿಲ್ಲಿಸುವಾಗ ಅದು ಚೆನ್ನಾಗಿಯೇ ಓಡುತ್ತಿತ್ತು. ಹಾಗಾದರೆ ಈ ಎಂಟು ದಿನ ಯಾರೂ ಮುಟ್ಟದಿದ್ದಾಗ ಒಳಗೆ ಆದದ್ದೇನು?

ಊಟಕ್ಕೆ ಬಡಿಸುವಾಗ ಗಂಡನಿಗೆ ಹೇಳಿದಳು:

"ಒಳಗ ಏನಾಗೇತಿ ಅಂತ ಒಮ್ಮಿ ಬಿಚ್ಚಿ ನೋಡೂಣ್ರಿ. ಖರೇನ ಸುಟ್ಟಿದ್ರ ಎಮ್ಮಿ ಕೊಟ್ಟಬಿಡ್ರಿ, ನಾ ಬಾಯಿ ತಗಿಯಂಗಿಲ್ಲ. ನೋಡದನ ಕೊಟ್ರ ಮಾತ್ರ ಈ ಮಾತ ನಾ ಸಾಯೂತನಕಾ ಮರಿಯಂಗಿಲ್ಲ."

ಮೀರಾಬಿ ಹೀಗೆ ಗಟ್ಟಿಯಾಗಿ ಮಾತನಾಡುವವಳಲ್ಲ. ಕಾಸಿಮಸಾಬ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಅವಳ ಮುಖ ನೋಡಿದ. ಬಿಚ್ಚುವವರು ಯಾರು ಎಂದು ಗೊಣಗಿದ. ಅವಳು ಅದನ್ನೂ ಯೋಚಿಸಿ ಇಟ್ಟಿದ್ದಳು. ಧಾರವಾಡದ ಮಗ್ಗುಲ ಲಕಮನಹಳ್ಳಿಯ ಉಡಚಪ್ಪ ಯುದ್ಧದ ಕಾಲಕ್ಕೆ ದಂಡಿನ ಮೋಟಾರು ಕಾರಖಾನೆಯಲ್ಲಿ ಫಿಟ್ಟರ್ ಆಗಿದ್ದವನು, ಈಗ ಊರಿಗೆ ಬಂದು ಸೈಕಲ್ಲು, ಎಂಜಿನ್ನು ದುರಸ್ತಿ ಮಾಡುತ್ತಾನೆ. ರಿಪೇರಿ ಮಾಡುವವನು ರಿಪೇರಿಯೇ ಛಲೋ ಎನ್ನುತ್ತಾನೆ, ಮತ್ತೇನು ಹೇಳುತ್ತಾನೆ ಎಂದು ಗಂಡ ಕೊಂಕು ನುಡಿದ. ಆದರೂ ಶನಿವಾರ ಧಾರವಾಡಕ್ಕೆ ಹೊರಟ ಚಕ್ಕಡಿಯವನ ಕೈಯಲ್ಲಿ ಹೇಳಿ ಕಳಿಸಿದ.

ಉಡಚಪ್ಪ ಅದೇ ಮಧ್ಯಾಹ್ನ ಸೈಕಲ್ಲಿನ ಮೇಲೆ ಬಂದ. ನೀರು ಕುಡಿದು, ಎಂಜಿನ್ನನ್ನು ಮುಟ್ಟದೆ ಸುಮ್ಮನೆ ಸುತ್ತಲೂ ನೋಡಿ, ಮುರಿದ ಪಕಳೆಯನ್ನು ಕಂಡು ತಲೆ ಅಲ್ಲಾಡಿಸಿದ. ಆಮೇಲೆ ಒಂದೇ ಒಂದು ಪ್ರಶ್ನೆ ಕೇಳಿದ.

"ಓಡಾಕತ್ತಾಗ ನಿಂತಿತೋ, ನಿಂತಾಗ ಹಿಡಕೊಂತೋ?"

ಎರಡೂ ಒಂದೇ ಅಲ್ಲವೇ ಎಂದು ಕಾಸಿಮಸಾಬ ಅಸಡ್ಡೆ ಮಾಡಿದ. ಮೀರಾಬಿ ಮಾತ್ರ ಬಾಗಿಲ ಹಿಂದಿನಿಂದ ಮುಂದೆ ಬಂದು, ನಿಂತಾಗಲೇ ಹಿಡಿದದ್ದು, ನಾನೇ ನಿಲ್ಲಿಸಿ ಹೋಗಿದ್ದೆ ಎಂದಳು. ಇಷ್ಟು ದಿನ ತಾನು ಒಬ್ಬಳೇ ಕೇಳಿಕೊಳ್ಳುತ್ತಿದ್ದ ಪ್ರಶ್ನೆಯನ್ನು ಇನ್ನೊಬ್ಬರ ಬಾಯಲ್ಲಿ ಕೇಳಿ ಅವಳಿಗೆ ಜೀವ ಬಂದಂತಾಯಿತು.

ಉಡಚಪ್ಪ ಬಿಡಿಸಿ ಹೇಳಿದ. ಓಡುವಾಗಲೇ ಎಂಜಿನ್ನು ಗಕ್ಕನೆ ನಿಂತರೆ ಎಣ್ಣೆ ಸಾಲದೆ ಒಳಗಿನ ಪಿಸ್ಟನ್ನು ಕಾದು ಸಿಲಿಂಡರನ್ನು ಕಚ್ಚಿರುತ್ತದೆ. ಅದು ದೊಡ್ಡ ಗಾಯ. ಸುಮ್ಮನೆ ಇದ್ದಾಗ ಹಿಡಿದುಕೊಂಡರೆ ಬಹಳ ಮಾಡಿ ತುಕ್ಕು, ಇಲ್ಲವೇ ಅಂಟು. ಅದು ಬಿಡಬಹುದು, ಬಿಡದಿರಲೂಬಹುದು. ನೋಡದೆ ಏನೂ ಹೇಳಲಾಗದು.

ಅದೇ ಹರಾಜಿನಲ್ಲಿ ತನ್ನ ದಾಯಾದಿ ಹನುಮಪ್ಪನೂ ಇಂಥದ್ದೇ ಎಂಜಿನ್ನು ತಂದಿದ್ದ ಸಂಗತಿಯನ್ನೂ ಹೇಳಿದ. ಅದರಲ್ಲಿ ಪಿಸ್ಟನ್ನನ್ನು ಚಕ್ರಕ್ಕೆ ಜೋಡಿಸುವ ದಂಡ ಮುರಿದು ಕೆಳಗಿನ ಪೆಟ್ಟಿಗೆಯನ್ನೇ ಒಡೆದುಕೊಂಡು ಹೊರಗೆ ಬಂದಿತ್ತು. ಅದಕ್ಕೆ ಕೈ ಹಚ್ಚುವುದು ವ್ಯರ್ಥ, ಹೊಸದು ತಗೋ ಎಂದು ತಾನೇ ಹನುಮಪ್ಪನಿಗೆ ಹೇಳಿದ್ದನಂತೆ. ರಿಪೇರಿ ಮಾಡುವವನೇ ರಿಪೇರಿ ಬೇಡ ಎಂದದ್ದನ್ನು ಕೇಳಿ ಕಾಸಿಮಸಾಬ ಮೊದಲ ಸಲ ಅವನ ಕಡೆ ನೆಟ್ಟಗೆ ನೋಡಿ, ಒಂದು ಚಾಪೆ ತಂದು ಹಾಸಿದ.

ಉಡಚಪ್ಪ ಪ್ಲಗ್ಗು ಬಿಚ್ಚಿದ, ಹೊಗೆಕೊಳವೆ ಬಿಚ್ಚಿದ. ಕೊಳವೆ ಇದ್ದಲ್ಲಿ ಹೆಬ್ಬೆರಳಿನಷ್ಟು ಕಿಂಡಿ ಕಂಡಿತು. ಬ್ಯಾಟರಿ ದೀಪ ಹಿಡಿದು ತಾನು ನೋಡಿ, ನೀವೂ ನೋಡ್ರಿ ಅಕ್ಕಾರ ಎಂದು ದೀಪವನ್ನು ಮೀರಾಬಿಯ ಕೈಗೆ ಕೊಟ್ಟ. ಅವಳು ಒಂದು ಕಣ್ಣು ಮುಚ್ಚಿ ಬಗ್ಗಿ ನೋಡಿದಳು. ಒಳಗೆ ಒಂದು ಪುಟ್ಟ ಬಾವಿ. ಬಾವಿಯಲ್ಲಿ ಮೇಲೆ ಕೆಳಗೆ ಆಡುವ ಒಂದು ಲೋಹದ ಗಡಿಗೆ, ಅದೇ ಪಿಸ್ಟನ್ನು. ಗಡಿಗೆ ಮೇಲೇರಿದಾಗ ಪೆಟ್ರೋಲು ಭಗ್ಗೆಂದು ಹೊತ್ತಿ ಅದನ್ನು ಕೆಳಗೆ ದಬ್ಬುತ್ತದೆ, ಆಗ ದಂಡ ಚಕ್ರವನ್ನು ತಿರುಗಿಸುತ್ತದೆ ಎಂದು ಉಡಚಪ್ಪ ಕೈಯಲ್ಲಿ ಮಾಡಿ ತೋರಿಸಿದ. ಇಷ್ಟೇನಾ ಎಂದು ಅವಳು ನಕ್ಕುಬಿಟ್ಟಳು. ಎಷ್ಟು ದಿನದ ಆಸೆ ಅದು. ಎಮ್ಮೆಯ ಚಿಂತೆಯ ನಡುವೆಯೂ ಅವಳಿಗೆ ಹಿಗ್ಗು ತಡೆಯಲಾಗಲಿಲ್ಲ.

ಬಾವಿಯ ಗೋಡೆಯ ಮೇಲೆ ಉದ್ದ ಗೀರುಗಳಿದ್ದರೆ, ಅವು ಉಗುರಿಗೆ ತಡೆಯುವಷ್ಟು ಆಳವಿದ್ದರೆ ಕೆಲಸ ಕೆಟ್ಟಿತೆಂದು ತಿಳಿಯಬೇಕು. ಇಲ್ಲಿ ಅಂಥ ಗೀರು ಕಾಣಲಿಲ್ಲ. ಆದರೆ ಗೋಡೆಗೂ ಗಡಿಗೆಗೂ ಹಳದಿಯಾದ, ಹೊಳೆಯುವ ಒಂದು ಪೊರೆ ಹತ್ತಿಕೊಂಡಿತ್ತು. ಉಡಚಪ್ಪ ಕಡ್ಡಿಯಿಂದ ಕೆರೆದ. ಬರಲಿಲ್ಲ. ನಾಲ್ಕು ವರ್ಷ ದಂಡಿನಲ್ಲಿ ಕರಿ ಮಸಿ ಕಂಡಿದ್ದೇನೆ, ತುಕ್ಕು ಕಂಡಿದ್ದೇನೆ, ಈ ಹಳದಿಯನ್ನು ಕಂಡಿಲ್ಲ ಎಂದು ಹುಬ್ಬುಗಂಟಿಕ್ಕಿದ.

ಮೀರಾಬಿ ಕಡ್ಡಿಯ ತುದಿಯನ್ನು ಬೆರಳಲ್ಲಿ ಮುಟ್ಟಿ ನೋಡಿದಳು. ಎದ್ದು ಒಳಗೆ ಹೋದಳು. ಬರುವಾಗ ಅವಳ ಕೈಯಲ್ಲಿ ಅಡುಗೆಮನೆಯ ಎಣ್ಣೆಯ ಗಿಂಡಿ ಇತ್ತು. ಗಿಂಡಿಯ ಕಂಠದ ಸುತ್ತ, ಸುರಿದ ಎಣ್ಣೆ ಒಣಗಿ ಕಟ್ಟಿದ ಹಳದಿ ಪೊರೆ. ಕುಸುಬಿ ಎಣ್ಣೆ ಬಳಸುವ ಮನೆಯವರಿಗೆಲ್ಲ ಇದು ಗೊತ್ತು. ಗಾಳಿಗೆ ಬಿಟ್ಟರೆ ಅಂಟಾಗುತ್ತದೆ, ಅಂಟು ಒಣಗಿ ಮೆರುಗಾಗುತ್ತದೆ, ಆಮೇಲೆ ಎಷ್ಟು ತಿಕ್ಕಿದರೂ ಹೋಗುವುದಿಲ್ಲ.

"ನೋಡ್ರಿ ಅಣ್ಣಾ," ಎಂದಳು, "ಇದ ಅದ, ಅದ ಇದ. ಒಂದ ತಿಂಗಳಿಂದ ನಾ ಪೆಟ್ರೋಲಿನ್ಯಾಗ ಕುಸುಬಿ ಎಣ್ಣೀನ ಕಲಸೇನಿ."

ಉಡಚಪ್ಪ ಗಿಂಡಿಯನ್ನೂ ಕಿಂಡಿಯನ್ನೂ ಮತ್ತೆ ಮತ್ತೆ ನೋಡಿದ. ಓಡುವಾಗ ದಿನದಿನವೂ ಹೊಸ ಎಣ್ಣೆ ಬಂದು ತಳ್ಳುತ್ತಿದ್ದುದರಿಂದ ಹೇಗೋ ನಡೆದಿದೆ. ಎಂಟು ದಿನ ಸುಮ್ಮನೆ ಬಿಟ್ಟಾಗ ಒಳಗಿನ ಎಣ್ಣೆ ಅಲ್ಲಿಯೇ ಒಣಗಿ ಗಡಿಗೆಯನ್ನು ಗೋಡೆಗೆ ಅಂಟಿಸಿಬಿಟ್ಟಿದೆ. ಅವನಿಗೂ ಇದು ಹೊಸ ಪಾಠ.

ಕಾಸಿಮಸಾಬನ ಮುಖ ಇಷ್ಟಾಯಿತು.  ಕಟ್ಟೆಯ ಮೇಲೆ ಹೇಳಿಕೊಂಡ ಯುಕ್ತಿ ಅವನದು, ಬೈಗುಳ ತಿಂದವಳು ಹೆಂಡತಿ.

"ನಾ ಹೇಳಿದ್ದನ್ನ ನೀ ಮಾಡಿದಿ," ಎಂದ ಅವಳಿಗೆ. "ಇಂಜಿನ್ನ ಕೆಡಿಸಿದಾಂವ ನಾನು. ಉಡಚಪ್ಪನ ಮುಂದನ ಹೇಳತೇನಿ, ನಿನಗ ಅಂದದ್ದು ನಂದು ತಪ್ಪು."

ಮೀರಾಬಿ ಸೆರಗಿನಿಂದ ಕಣ್ಣೊರೆಸಿಕೊಂಡು, ಗಿಂಡಿಯನ್ನು ಬೂದಿನೀರಿನಲ್ಲಿ ಕುದಿಸಿದರೆ ಪೊರೆ ಬಿಡುತ್ತದೆ, ಇದಕ್ಕೂ ಹಾಗೆಯೇ ಮಾಡೋಣವೇ ಎಂದು ಕೇಳಿದಳು. ಉಡಚಪ್ಪ ಬೇಡವೆಂದ. ಪಿಸ್ಟನ್ನು ಅಲ್ಯುಮಿನಿಯಂ, ಬೂದಿನೀರು ಅದನ್ನು ತಿಂದುಹಾಕುತ್ತದೆ. ಪ್ಲಗ್ಗಿನ ತೂತಿನಿಂದ, ದೀಪಕ್ಕೆ ಹಾಕುವ ಚಿಮಣಿ ಎಣ್ಣೆ ಹೊಯ್ದು ನೆನೆಯಲು ಬಿಟ್ಟ. ಒಲೆಯ ಹತ್ತಿರ ಒಯ್ಯಬೇಡಿ, ಹೊರಗಿನಿಂದ ಬಿಸಿನೀರಿನ ಅರಿವೆ ಸುತ್ತುತ್ತ ಇರಿ, ಸುತ್ತಿಗೆಯನ್ನು ಯಾರಿಗಾದರೂ ಎರವಲು ಕೊಟ್ಟುಬಿಡಿ ಎಂದು ಹೇಳಿ ಹೋದ. ಎರಡು ದಿನ ಬಿಸಿನೀರಿನ ಅರಿವೆ ಹಿಂಡಿ ಹಿಂಡಿ ಸುತ್ತಿದವನು ಕಾಸಿಮಸಾಬನೇ. ಹೆಂಡತಿ ಕೈ ಹಚ್ಚಲು ಬಂದರೆ ಬಿಡಲಿಲ್ಲ.

ಸೋಮವಾರ ಉಡಚಪ್ಪ ಮತ್ತೆ ಬಂದು ಚಕ್ರವನ್ನು ಎರಡೂ ಕೈಯಿಂದ ಹಿಡಿದು ಮೆಲ್ಲಗೆ ಅತ್ತ ಇತ್ತ ತಿರುವಿದ. ಮೊದಲು ಕೂದಲೆಳೆಯಷ್ಟು, ಆಮೇಲೆ ಬೆರಳಿನಷ್ಟು ಅಲುಗಿತು. ಇನ್ನಷ್ಟು ಚಿಮಣಿ ಎಣ್ಣೆ ಕುಡಿಸಿ ಮಧ್ಯಾಹ್ನದ ಹೊತ್ತಿಗೆ ಪೂರ್ತಿ ಬಿಚ್ಚಿದ. ದಂಡವನ್ನು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದ, ಸಡಿಲಿಲ್ಲ. ಪೆಟ್ಟಿಗೆ ಒಡೆದಿಲ್ಲ. ಗೋಡೆ ನುಣುಪಾಗಿದೆ. ಬಿದಿರಿನ ಚೂರಿನಿಂದ ಪೊರೆ ಕೆರೆದು ತೆಗೆದರು. ಆದರೆ ಪಿಸ್ಟನ್ನಿಗೆ ತೊಡಿಸಿದ ಎರಡು ರಿಂಗುಗಳಲ್ಲಿ ಒಂದು ತಾನು ಕೂರುವ ತೋಡಿನಲ್ಲಿಯೇ ಅಂಟಿಕೊಂಡಿತ್ತು, ಬಿಡಿಸುವಾಗ ಟಕ್ಕೆಂದು ಮುರಿಯಿತು.

ಕಾಸಿಮಸಾಬನ ಎದೆಯೂ ಮುರಿಯಿತು. ಈ ರಿಂಗು ಎಲ್ಲಿ ಸಿಕ್ಕೀತು? ಬೆಳಗಾವಿಯ ಹರಾಜು ಮುಗಿದು ಎಷ್ಟೋ ದಿನವಾಗಿದೆ. ಮೀರಾಬಿ ಕೊಟ್ಟಿಗೆಯ ಕಡೆ ನೋಡಿದಳು, ಎಮ್ಮೆ ಮೆಲುಕು ಹಾಕುತ್ತ ನಿಂತಿತ್ತು. ಉಡಚಪ್ಪ ಮುರಿದ ರಿಂಗನ್ನು ಅಂಗೈಯಲ್ಲಿ ತಿರುವಿ ನೋಡಿ, ಹನುಮಪ್ಪನ ಎಂಜಿನ್ನು ಇದರದೇ ಜೋಡಿ, ಅದರ ಪೆಟ್ಟಿಗೆ ಒಡೆದಿದೆ ಹೊರತು ರಿಂಗು ಒಡೆದಿರಲಿಕ್ಕಿಲ್ಲ ಎಂದ. ನಾಳೆ ಮುಂಜಾನೆ ತರುತ್ತೇನೆ ಎಂದು ಸೈಕಲ್ಲು ಹತ್ತಿದ.

ಮಂಗಳವಾರ ಬೆಳಿಗ್ಗೆ ಉಡಚಪ್ಪನಿಗಿಂತ ಮೊದಲು ಅಮ್ಮಿನಬಾವಿಯವನು ಬಂದ, ಹೆಗಲ ಮೇಲೆ ಹಗ್ಗ ಹಾಕಿಕೊಂಡು. ಕಾಸಿಮಸಾಬ ಅವನನ್ನು ಕಟ್ಟೆಯ ಮೇಲೆ ಕೂಡಿಸಿ ಚಹಾ ಕೊಡಿಸಿದ. ಚಹಾ ಮುಗಿಯುವ ಹೊತ್ತಿಗೆ ಉಡಚಪ್ಪ ಬಂದು ಎಂಜಿನ್ನಿನ ಮುಂದೆ ಕುಳಿತ. ತಂದ ರಿಂಗನ್ನು ಬರಿ ಸಿಲಿಂಡರಿನೊಳಗೆ ಇಟ್ಟು, ಅದರ ಬಾಯಿಯ ಸಂದು ಎಷ್ಟಿದೆ ಎಂದು ನೋಡಿ, ಸರಿ ಐತಿ ಎಂದ. ಜೋಡಿಸುವುದು ಇನ್ನೂ ಬಾಕಿ. ಅಮ್ಮಿನಬಾವಿಯವನಿಗೆ ಹೊತ್ತಾಗುತ್ತಿತ್ತು. ಎಮ್ಮೆ ಬಿಚ್ಚಲೇ ಎಂದು ಎದ್ದು ನಿಂತ. ಮೀರಾಬಿ ಕೊಟ್ಟಿಗೆಯ ಬಾಗಿಲಲ್ಲಿ ಗೂಟ ಹಿಡಿದು ನಿಂತಿದ್ದಳು. 

"ಎಮ್ಮಿ ಕೊಡಂಗಿಲ್ರಿ," ಎಂದ ಕಾಸಿಮಸಾಬ.

"ಯಾಕ್ರಿ ಸಾಬರ? ಇಂಜಿನ್ನ ಚಾಲೂ ಆತೇನು?"

"ಇನ್ನೂ ಆಗಿಲ್ಲ. ಅದರ ಒಳಗ ಏನೈತಿ ಅಂತ ಈಗ ಕಣ್ಣಾರೆ ನೋಡೇನಿ. ಅವತ್ತ ನಿಮಗ ಮಾತ ಕೊಟ್ಟಾಗ ನೋಡಿರಲಿಲ್ಲ. ನಡದ ಬಂದೀರಿ, ಬ್ಯಾಸರ ಮಾಡ್ಕೋಬ್ಯಾಡ್ರಿ."

ಅಮ್ಮಿನಬಾವಿಯವನು ಒಂದಿಷ್ಟು ಗೊಣಗಿ, ಗಿರಣಿಯ ಖಾರದ ಒಂದು ಪೊಟ್ಟಣ ಕಟ್ಟಿಸಿಕೊಂಡು ಹೋದ. ಮೀರಾಬಿ ಗೂಟಕ್ಕೆ ಹಣೆ ಹಚ್ಚಿ ಅತ್ತಳು. ಎಂಜಿನ್ನು ಓಡುವ ಮೊದಲೇ ಗಂಡ ಹಾಗೆ ಹೇಳಿದನಲ್ಲ, ಅದಕ್ಕೆ.

ಎಂಜಿನ್ನು ಓಡಿತು, ಮಧ್ಯಾಹ್ನದ ಊಟದ ಹೊತ್ತಿಗೆ. ನಾಲ್ಕು ಸಲ ಹಗ್ಗ ಎಳೆದರೂ ಬರೀ ಸೀನಿತು, ಐದನೆಯದಕ್ಕೆ ಹೊತ್ತಿಕೊಂಡಿತು. ಈ ಸಲ ಪೆಟ್ರೋಲಿಗೆ ಕಲಸಿದ್ದು ಎಂಜಿನ್ ಎಣ್ಣೆಯೇ. ವಾಸನೆಯ ತಕರಾರಿಗೂ ಉಡಚಪ್ಪ ಮದ್ದು ಹೇಳಿದ. ಖಾರಕ್ಕೆ ಹತ್ತುತ್ತಿದ್ದುದು ಚಪ್ಪರದೊಳಗೇ ಸುತ್ತುತ್ತಿದ್ದ ಹೊಗೆ. ಹೊಗೆಕೊಳವೆಯನ್ನು ಉದ್ದ ಮಾಡಿ ಗೋಡೆಯಾಚೆ ಬಿಟ್ಟರೆ ಆಯಿತು. ಚನ್ನಬಸವ್ವನ ಗಂಡ ಈಗ ಪಲ್ಯ ಪೂರ್ತಿ ತಿನ್ನುತ್ತಾನೆ. ಭಜಿಯ ಘಮ ಹೋಯಿತಲ್ಲ ಎಂದು ಚನ್ನಬಸವ್ವ ಮಾತ್ರ ಆಗಾಗ ಹಳಹಳಿಸುತ್ತಾಳೆ.

ಹೊಸದಾಗಿ ಬೀಸಿದ ಖಾರವನ್ನು ಜರಡಿ ಹಿಡಿಯುತ್ತ ಮೀರಾಬಿಗೆ ಒಂದು ಯೋಚನೆ ಬಂತು. ಗಂಡನನ್ನು ಕರೆದು ಹೇಳಿದಳು:

"ಎಮ್ಮಿ ಮಾರಿ ಹೊಸಾದು ತಂದಿದ್ವಿ ಅಂತ ತಿಳೀರಿ. ಅದಕ್ಕೂ ನಾ ಕುಸುಬಿ ಎಣ್ಣೀನ ಕಲಸತಿದ್ನೆಲ್ಲರಿ?"

 ಕಾಸಿಮಸಾಬ ಜರಡಿಯ ಇನ್ನೊಂದು ಅಂಚು ಹಿಡಿದು ಅವಳ ಎದುರು ಕುಳಿತ.

ಗಿರಣಿ, ಪಂಪು, ಎಂಜಿನ್ನು ಇಟ್ಟುಕೊಂಡ ನೀವೆಲ್ಲ ಈ ಮಾತನ್ನೇ ಮನಸ್ಸಿಗೆ ಹಚ್ಚಿಕೊಳ್ಳಿ. ಎಂಜಿನ್ನು ಹಿಡಿದುಕೊಂಡರೆ ಎಳೆದಾಡಬೇಡಿ, ಬಡಿಯಬೇಡಿ. ಓಡುವಾಗ ನಿಂತಿತೋ ನಿಂತಾಗ ಹಿಡಿಯಿತೋ ನೆನೆಸಿಕೊಳ್ಳಿ. ಅದಕ್ಕೆ ಏನು ಕುಡಿಸಿದಿರಿ ಎಂಬುದನ್ನು ನಾಚಿಕೆಪಡದೆ ಹೇಳಿ. ತಿಳಿದವರಿಂದ ಬಿಚ್ಚಿಸಿ, ನೀವೂ ಬಗ್ಗಿ ನೋಡಿ, ಮನೆಯ ಹೆಂಗಸರಿಗೂ ತೋರಿಸಿ. ಪೆಟ್ಟಿಗೆ ಒಡೆದಿದ್ದರೆ, ದಂಡ ಮುರಿದಿದ್ದರೆ, ಗೋಡೆಯ ಗೀರು ಉಗುರಿಗೆ ತಡೆದರೆ, ಬೇಕಾದ ಭಾಗ ಎಲ್ಲಿಯೂ ಸಿಗದಿದ್ದರೆ ಹಟ ಬಿಟ್ಟು ಹೊಸದನ್ನೇ ತನ್ನಿ, ಅದರಲ್ಲಿ ತಪ್ಪಿಲ್ಲ. ಆದರೆ ಹಳೆಯದು ಯಾಕೆ ಕೆಟ್ಟಿತೆಂದು ತಿಳಿಯದೆ ಹೊಸದನ್ನು ಮನೆಯೊಳಗೆ ತರಬೇಡಿ. ತಿಳಿಯದೆ ತಂದರೆ ಅದೂ ಹಾಗೆಯೇ ಕೆಡುತ್ತದೆ, ಆಗ ಮಾರಲು ನಿಮ್ಮ ಕೊಟ್ಟಿಗೆಯಲ್ಲಿ ಎಮ್ಮೆ ಇರುವುದಿಲ್ಲ.